ಹದಿನೈದನೆಯ ಹೆಜ್ಜೆ

ಆತಗೂರಿನ ತಿಮ್ಮಯ್ಯನ ತಲೆ ಕೆಟ್ಟಿದ್ದು ಯಾವಾಗ ಎಂದು ಮದ್ದೂರಿನಲ್ಲಿ ಕೇಳಿದರೆ, ಎಪ್ಪತ್ತೈದನೇ ಇಸವಿಯಲ್ಲಿ ಎನ್ನುತ್ತಾರೆ. ಶುದ್ಧ ತಪ್ಪು. ಅದು ಕೆಟ್ಟಿದ್ದು ಅವನಿಗೆ ಹತ್ತು ವರ್ಷವಿದ್ದಾಗ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ನೆಲದಿಂದ ಇಪ್ಪತ್ತಡಿ ಮೇಲೆ. ಎಪ್ಪತ್ತೈದರಲ್ಲಿ ಅದು ಊರಿಗೆ ಗೊತ್ತಾಯಿತು, ಅಷ್ಟೆ.

ತಿಮ್ಮಯ್ಯನ ಅಪ್ಪ ಕೆಂಪಸಿದ್ದಯ್ಯ ಮಾತು ಕಡಿಮೆ, ಕೈ ಜಾಸ್ತಿ ಅನ್ನುವಂಥ ಮನುಷ್ಯ. ಅವನು ಅಂಗಳಕ್ಕೆ ಬಂದರೆ ಎಮ್ಮೆ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡುತ್ತಿತ್ತು. ಅಂಥವನು ಮಗನ ಕಾಟ ತಡೆಯಲಾರದೆ ಆ ವರ್ಷ ದೊಡ್ಡ ತೊಟ್ಟಿಲಿನಲ್ಲಿ ಕೂತ. ನಾಲ್ಕು ಜನ ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲು ಅದು. ಮೇಲೆ ಹೋಯಿತು, ಒಂದು ಗಳಿಗೆ ನಿಂತಿತು, ಇಳಿಯಿತು. ಇಳಿಯುವಾಗ ಕೆಂಪಸಿದ್ದಯ್ಯ ಮಗನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಅವ್ವೋ" ಎಂದು ಕಿರುಚಿದ. ಅವನ ಅವ್ವ ಸತ್ತು ಆಗಲೇ ಹದಿನೆಂಟು ವರ್ಷವಾಗಿತ್ತು.

ಕೆಳಗಿಳಿದ ಮೇಲೆ ರುಮಾಲು ಸರಿಮಾಡಿಕೊಂಡು, "ಊರಲ್ಲಿ ಯೋಳ್ಬೇಡ ಕಣ್ಲಾ" ಅಂದ. ಬತ್ತಾಸು ಕೊಡಿಸಿದ. ಊರು ಮುಟ್ಟುವ ತನಕ ಮಗನ ಕೈ ಬಿಡಲಿಲ್ಲ. ಆಮೇಲೆ ಎಂಟು ದಿನ ಮನೆಯಲ್ಲಿ ಯಾರಿಗೂ ಏಟು ಬೀಳಲಿಲ್ಲ. ತಿಮ್ಮಯ್ಯ ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಹೇಳಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ.

ಆದರೆ ಅವತ್ತೇ ಅವನಿಗೊಂದು ನಂಬಿಕೆ ಹುಟ್ಟಿಬಿಟ್ಟಿತು. ಪ್ರತಿಯೊಬ್ಬರ ಒಳಗೂ ಇನ್ನೊಬ್ಬರು ಅಡಗಿರುತ್ತಾರೆ, ಕರೆದರೆ ಬರುವವರಲ್ಲ, ಬೇಡಿಕೊಂಡರೂ ಬರುವವರಲ್ಲ. ಎತ್ತರಕ್ಕೆ ಒಯ್ದು ಫಕ್ಕನೆ ಬಿಟ್ಟರೆ ಮಾತ್ರ ಹೊರಗೆ ಬರುತ್ತಾರೆ. ಆಮೇಲೆ ಅವನು ಒಂದು ದಸರಾ ತಪ್ಪಿಸಲಿಲ್ಲ. ಜನ ಮೈಸೂರಿಗೆ ಹೋಗಿ ಅರಮನೆ ನೋಡಿದರೆ ಇವನು ತೊಟ್ಟಿಲ ಕೆಳಗೆ ನಿಂತು ಯಾರು ಎಲ್ಲಿ ಕಿರುಚುತ್ತಾರೆ ಎಂದು ಕಿವಿಗೊಟ್ಟು ಕೇಳುತ್ತಿದ್ದ. ಈ ನಡುವೆ ಮದುವೆಯಾದ, ಗದ್ದೆ ಮಾಡಿಸಿದ, ಮದ್ದೂರಿನಲ್ಲಿ ಅಕ್ಕಿ ಗಿರಣಿ ಇಟ್ಟ. ಗಿರಣಿ ಕೆಲವು ವರ್ಷ ಓಡಿ ನಿಂತುಹೋಯಿತು. ನೂರಡಿ ಉದ್ದದ ತಗಡಿನ ಗೋಡಾನು ಮಾತ್ರ ಇಲಿಗಳಿಗೆ ಬಿಟ್ಟಂತೆ ಖಾಲಿ ಉಳಿಯಿತು.

ಇನ್ನು ಅವನ ಹೆಂಡತಿ ಚಲುವಮ್ಮ. ಈ ಹೆಂಗಸು ಹುಟ್ಟಿದಾಗಲಾದರೂ ಅತ್ತಿದ್ದಳೋ ಇಲ್ಲವೋ ದೇವರಿಗೇ ಗೊತ್ತು. ರಾಗಿ ತುಂಬಿಡುವ ಮಣ್ಣಿನ ವಾಡೆಯಲ್ಲಿ ನಾಗರಹಾವು ಹೆಡೆ ಎತ್ತಿದಾಗ ಅವಳು ಮುಚ್ಚಳ ಮುಚ್ಚಿ, ಮೇಲೆ ಒಂದು ಒರಳುಕಲ್ಲು ಇಟ್ಟು, ಕೈ ತೊಳೆದುಕೊಂಡು ಗಂಡನನ್ನು ಕೂಗಿದಳು. ಎರಡು ಹೆರಿಗೆಯಲ್ಲೂ ಒಂದು ಸದ್ದು ಮಾಡಲಿಲ್ಲ. ಸೂಲಗಿತ್ತಿ ಸೋಮಮ್ಮ ಇವಳಿಗೆ ಜ್ಞಾನ ತಪ್ಪಿತೆಂದು ಎರಡು ಸಲವೂ ಮುಖಕ್ಕೆ ನೀರು ಚಿಮುಕಿಸಿದಳು. ತಿಮ್ಮಯ್ಯ ಕೂತ ಬಸ್ಸು ಮಗುಚಿತು ಎಂದು ಯಾರೋ ಓಡಿಬಂದು ಹೇಳಿದಾಗ ಅವಳು ಕೇಳಿದ್ದು, "ಯಾವ ಬಸ್ಸು?" ಎಂದು. ಸುತ್ತ ಏಳು ಹಳ್ಳಿಯಲ್ಲಿ ಚಲುವಮ್ಮನ ಗುಂಡಿಗೆ ಎಂದರೆ ಹೆಸರುವಾಸಿ. ಬಸುರಿಯರು ನೋವು ಶುರುವಾದರೆ ಅವಳನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಅವಳ ಕೈ ಹಿಡಿದರೆ ಧೈರ್ಯ ಬರುತ್ತದಂತೆ.

ಊರಿಗೆಲ್ಲ ಬಂದ ಧೈರ್ಯ ತಿಮ್ಮಯ್ಯನಿಗೆ ಬರಲಿಲ್ಲ. ಇಪ್ಪತ್ತೇಳು ವರ್ಷ ಒಂದೇ ಸೂರಿನಡಿ ಬಾಳಿದರೂ ಈಕೆಗೆ ಯಾವುದು ಭಯ, ಯಾವುದು ಸಂತೋಷ ಎಂದು ಅವನಿಗೆ ತಿಳಿದಿರಲಿಲ್ಲ. ಕೇಳಿದರೆ "ನಂಗೇನಾಗದೆ, ಚೆನ್ನಾಗಿವ್ನಿ" ಎಂಬ ಒಂದೇ ಉತ್ತರ. ಇದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಎಪ್ಪತ್ತೈದರ ಮಳೆಗಾಲದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ಶ್ಯಾಮಣ್ಣನಿಗೆ ರೈಲಿನಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಸಿಕ್ಕಿತು. ಅಮೆರಿಕದಲ್ಲಿ ದೊಡ್ಡ ಕಟ್ಟಡವೊಂದನ್ನು ಕಟ್ಟಿ, ಅದರ ಒಳಗೆ, ಕಗ್ಗತ್ತಲೆಯಲ್ಲಿ, ಹಳಿಯ ಮೇಲೆ ಏರಿ ಬೀಳುವ ಗಾಡಿ ಓಡಿಸುತ್ತಿದ್ದಾರಂತೆ. ಕಟ್ಟಡದ ಹೊರಗಿನ ಚಿತ್ರ ಇತ್ತು. ಒಳಗಿನದು ಮುಂದಿನ ಪುಟದಲ್ಲಿ ಎಂದು ಬರೆದಿತ್ತು. ಆ ಮುಂದಿನ ಪುಟದಲ್ಲಿ ಯಾರೋ ಪುಣ್ಯಾತ್ಮ ವಡೆ ಕಟ್ಟಿಸಿಕೊಂಡು ಹೋಗಿದ್ದ.

ಇಲ್ಲದ ಆ ಪುಟದ ಮೇಲೆ ಮೂರು ಜನ ಗಂಡಸರು ಎಂಟು ತಿಂಗಳು ಜಗಳವಾಡಿದರು ಎಂದರೆ ನಂಬುತ್ತೀರಾ? ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಪ್ರತಿ ಭಾನುವಾರ ಗಿರಣಿಯ ಜಗಲಿಯಲ್ಲಿ ತಿಮ್ಮಯ್ಯ, ಶ್ಯಾಮಣ್ಣ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಪಾರ್ಥಸಾರಥಿ ಸೇರುತ್ತಿದ್ದರು. ಮೇಷ್ಟ್ರು ಮೈಸೂರಿಗೆ ಬಂದ ಪ್ರತಿ ತೊಟ್ಟಿಲನ್ನೂ ಅಡಿ ಅಂಗುಲದ ಲೆಕ್ಕದಲ್ಲಿ ಬರೆದಿಟ್ಟಿದ್ದರು. ಒಂದರಲ್ಲೂ ಕೂತವರಲ್ಲ. ಕೇಳಿದರೆ, "ಕೂತರೆ ಕಣ್ಣು ಮುಚ್ಚಿಹೋಗುತ್ತೆ ತಿಮ್ಮಯ್ಯನವರೇ, ಕಣ್ಣು ಮುಚ್ಚಿಕೊಂಡು ವಿನ್ಯಾಸ ನೋಡೋದು ಹೇಗೆ?" ಎನ್ನುತ್ತಿದ್ದರು.

"ಸೂರಿನ ಒಳಗೆ ಯಾಕೆ ಮೇಷ್ಟ್ರೇ? ಎಲ್ಲಿಗೆ ಬೀಳ್ತೀವಿ ಅಂತ ಕಾಣ್ದೆ ಓದ್ರೆ ಎದ್ರಾದು ಯಾವುದಕ್ಕೆ?" ಎಂದ ತಿಮ್ಮಯ್ಯ.

"ಬಯಲಲ್ಲಿ ಹೆದರೋದು ಕಣ್ಣು. ಕತ್ತಲಲ್ಲಿ ಹೆದರೋದು ಮೈ. ಕಣ್ಣಿಗೆ ಸಮಾಧಾನ ಹೇಳಬಹುದು, ಮೈಗೆ ಹೇಳಕ್ಕಾಗಲ್ಲ" ಎಂದರು ಮೇಷ್ಟ್ರು.

ಶ್ಯಾಮಣ್ಣ ಎರಡನ್ನೂ ಒಪ್ಪಲಿಲ್ಲ. "ಭಯ ಹುಟ್ಟೋದು ಗಾಡಿಯಲ್ಲಿ ಅಲ್ಲ, ಬಾಗಿಲ ಹೊರಗೆ. ನಮ್ಮ ಆಫೀಸಿಗೆ ಬಂದು ನೋಡಿ. ಸಾಹೇಬರು ಒಂದು ಮಾತೂ ಆಡಿರಲ್ಲ, ಬೆಂಚಿನ ಮೇಲೆ ಕೂತಿರೋರು ಆಗಲೇ ಬೆವೆತುಹೋಗಿರ್ತಾರೆ. ಒಂಬತ್ತು ಬೆಂಚು ಹಾಕಿಸಿ, ಒಬ್ಬೊಬ್ಬರ ಕೈಗೂ ಒಂದು ಚೀಟಿ ಕೊಡಿ. ಗಾಡಿ ಇಲ್ಲದಿದ್ದರೂ ನಡೆಯುತ್ತೆ."

ಮೇಷ್ಟ್ರಿಗೆ ಮೂರು ತಿರುವು ಬೇಕು. ತಿಮ್ಮಯ್ಯನಿಗೆ ಒಂದೇ ಬೀಳು ಸಾಕು, ಆದರೆ ಹೊಟ್ಟೆ ಒಂದು ಕಡೆ, ನಾವು ಒಂದು ಕಡೆ ಆಗಬೇಕು. ಕೂರುವವರ ಮುಖ ಮುಂದಕ್ಕೋ ಹಿಂದಕ್ಕೋ ಎಂಬ ವಿಷಯಕ್ಕೆ ಮೇಷ್ಟ್ರು ಮತ್ತು ತಿಮ್ಮಯ್ಯ ಎರಡು ವಾರ ಮಾತು ಬಿಟ್ಟರು. ಆ ಎರಡು ಭಾನುವಾರವೂ ಇಬ್ಬರೂ ತಪ್ಪದೆ ಜಗಲಿಗೆ ಬಂದು, ಬೆನ್ನು ತಿರುಗಿಸಿ ಕೂತು, ಶ್ಯಾಮಣ್ಣನ ಮೂಲಕ ವಾದ ಮಾಡಿದರು. ಕೊನೆಗೆ ಒಂದು ಬೀಳು, ಪೂರಾ ಕತ್ತಲು, ಮೂರು ಬೆಂಚು ಎಂದು ರಾಜಿಯಾಯಿತು. ತಿರುವು ಹೋಗಿದ್ದಕ್ಕೆ ಮೇಷ್ಟ್ರು ಅವತ್ತು ಕಾಫಿ ಕುಡಿಯಲಿಲ್ಲ.

ಇಷ್ಟು ಹೊತ್ತಿಗೆ ಚಲುವಮ್ಮನ ಅಣ್ಣ ಬೋರಯ್ಯ ಗೋಡಾನಿನ ಮೇಲೆ ಕಣ್ಣು ಹಾಕಿದ. ಮದ್ದೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವನಿಗೆ ಮೂಟೆ ಇಡಲು ಜಾಗ ಬೇಕಿತ್ತು. "ಬಾವ, ಇಲಿ ಓಡಾಡೋ ಜಾಗದಲ್ಲಿ ರೈಲು ಬುಟ್ಟೀಯಾ?" ಎಂದು ನಕ್ಕ. ತಿಮ್ಮಯ್ಯ ಹೆಂಡತಿಯ ಕಡೆ ನೋಡಿದ. ಗೋಡಾನು ಇದ್ದ ಜಾಗ ಅವಳ ತವರಿನವರು ಕೊಟ್ಟದ್ದು, ಅವಳ ಮಾತು ಮೀರುವಂತಿರಲಿಲ್ಲ.

ಚಲುವಮ್ಮ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ತೀರ್ಪು ಕೊಟ್ಟಳು. "ಅದೇನು ಕಟ್ತೀರೋ ಕಟ್ಟಿ. ಅದ್ರೊಳಗೆ ಕೂತೋರು ಒಬ್ರಾದ್ರೂ ಕಿರುಚುದ್ರೆ ಗೋಡಾನು ನಿಮ್ದು, ನಾನು ಸೊಲ್ಲೆತ್ತಾಕಿಲ್ಲ. ಯಾರೂ ಕಿರುಚ್ದೆ ಓದ್ರೆ ಅಣ್ಣಯ್ಯನ ಗೊಬ್ರಕ್ಕೆ. ಆಮೇಲೆ ಈ ತೊಟ್ಲು ಪುರಾಣ ನಮ್ಮನೇಲಿ ಎತ್ತಬಾರ್ದು."

ನಲವತ್ತು ವರ್ಷದ ಹುಚ್ಚು ಒಂದು ಕಿರುಚಾಟಕ್ಕೆ ಅಡವು ಬಿತ್ತು. ತಿಮ್ಮಯ್ಯ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ?

ನಾಲೆ ತೋಡುವಾಗ ಮಣ್ಣು ಸಾಗಿಸಲು ತಂದು ಬಿಟ್ಟುಹೋದ ಹಳಿ, ಒಂದು ಟ್ರಾಲಿ ಸಿಕ್ಕಿದವು. ಗೆಜ್ಜಲಗೆರೆ ಕಡೆಯ ಒಬ್ಬ ವೆಲ್ಡಿಂಗಿನವನು ಬಂದು ಅಂಟಿಸಿಕೊಟ್ಟ. ಗೋಡಾನಿನ ಒಂದು ತುದಿಯಿಂದ ಹಳಿ ನಿಧಾನವಾಗಿ ಮಾಡಿನ ತನಕ ಏರುತ್ತದೆ, ಅಲ್ಲಿಂದ ಕಡಿದಾಗಿ ಇಳಿಯುತ್ತದೆ. ಇಳಿದ ಟ್ರಾಲಿ ನಿಲ್ಲುವುದು ಹೇಗೆ? ಹಳೆಯ ಭತ್ತದ ಹೊಟ್ಟು ಗುಡ್ಡದಷ್ಟು ಬಿದ್ದಿತ್ತು. ಅದರೊಳಗೆ ನುಗ್ಗಿ ನಿಲ್ಲುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ ಮೇಷ್ಟ್ರು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದರು.

ಏರಿನಲ್ಲಿ ಟ್ರಾಲಿಯನ್ನು ಎಳೆಯುವವರು ಯಾರು? ಕರೆಂಟು ನಂಬುವ ಹಾಗಿರಲಿಲ್ಲ, ಬಂದಾಗ ಬಂತು, ಹೋದಾಗ ಹೋಯಿತು. ಎತ್ತೇ ಸರಿ ಎಂದರು. ಮಳವಳ್ಳಿ ಕಡೆಯ ಮರಿಯಯ್ಯ ಮೂವತ್ತು ವರ್ಷ ಕಪಿಲೆ ಹೊಡೆದವನು. ಕಪಿಲೆ ಎಂದರೆ ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ಹಗ್ಗ ಬಾವಿಯಿಂದ ನೀರು ತುಂಬಿದ ಚರ್ಮದ ಬಾನಿಯನ್ನು ಎಳೆದು ತರುತ್ತದೆ, ಹಿಂದಕ್ಕೆ ನಡೆದರೆ ಬಾನಿ ಮತ್ತೆ ಬಾವಿಗಿಳಿಯುತ್ತದೆ. ಬಾವಿಗೆ ಪಂಪ್‌ಸೆಟ್ ಕೂತ ಮೇಲೆ ಮರಿಯಯ್ಯನಿಗೂ ಅವನ ಜೋಡೆತ್ತಿಗೂ ಕೆಲಸವಿರಲಿಲ್ಲ. ಬಾನಿ ಎಳೆದ ಎತ್ತಿಗೆ ಟ್ರಾಲಿ ಯಾವ ಲೆಕ್ಕ ಎಂದು ಮೂವರೂ ಖುಷಿಪಟ್ಟರು. ಹಗ್ಗವನ್ನು ಮಾಡಿನ ರಾಟೆಯ ಮೇಲಿಂದ, ಗೋಣಿ ಕಟ್ಟಿದ ಕಿಟಕಿಯ ಹೊರಗೆ ಬಿಟ್ಟು ಎತ್ತಿನ ನೊಗಕ್ಕೆ ಕಟ್ಟಿದರು. ತುತ್ತತುದಿಯಲ್ಲಿ ಒಂದು ಮರದ ತುಂಡು ಇಟ್ಟರು. ಟ್ರಾಲಿ ಅಲ್ಲಿಗೆ ಬಂದರೆ ಅದು ತಗಲಿ ಕೊಂಡಿ ಕಳಚುತ್ತದೆ, ಟ್ರಾಲಿ ಬೀಳುತ್ತದೆ.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ ಇಟ್ಟರು. ಪೇಟೆಯ ಅರ್ಧ ಜನ ಗೋಡಾನಿನ ಮುಂದೆ ಬಂದು ನಿಂತಿತು. ಶ್ಯಾಮಣ್ಣ ಮೂರು ಬೆಂಚಿನ ಮೇಲೂ ಜನರನ್ನು ಕೂರಿಸಿ, ಕಾರಣವಿಲ್ಲದೆ ಮುಕ್ಕಾಲು ಗಂಟೆ ಕಾಯಿಸಿ, ಮುಖ ಗಂಟು ಹಾಕಿಕೊಂಡು ಚೀಟಿ ಹಂಚಿದ. ಮೊದಲ ಸರದಿ ಬೋರಯ್ಯನದು ಮತ್ತು ಸೂಲಗಿತ್ತಿ ಸೋಮಮ್ಮನದು. ಬಾಗಿಲು ಹಾಕಿದರು. ಒಳಗೆ ಕಗ್ಗತ್ತಲು. ಮರಿಯಯ್ಯ ಎತ್ತು ಹೊಡೆದ. ಟ್ರಾಲಿ ಕಿರ್ ಎನ್ನುತ್ತಾ ಏರಿತು, ಏರಿತು, ನಿಂತಿತು. ತಿಮ್ಮಯ್ಯ ಕಿವಿಯನ್ನು ತಗಡಿಗೆ ಒತ್ತಿ ನಿಂತ.

ಟ್ರಾಲಿ ಮೆಲ್ಲಗೆ, ಬಲು ಮೆಲ್ಲಗೆ, ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದು ಮೊದಲಿದ್ದ ಜಾಗಕ್ಕೆ ಬಂತು.

ಹೊರಗೆ ನೋಡಿದರೆ ಎತ್ತುಗಳು ತಮ್ಮಷ್ಟಕ್ಕೆ ತಾವು ಹಿಂದಕ್ಕೆ ನಡೆದು ನಿಂತಿದ್ದವು. ಇನ್ನೊಮ್ಮೆ ಹೊಡೆದರೂ ಅದೇ ಕಥೆ. ತುದಿಗೆ ಒಂದು ಹೆಜ್ಜೆ ಬಾಕಿ ಇರುವಂತೆ ನಿಲ್ಲುವುದು, ಮರಳಿ ಹಿಂದಕ್ಕೆ ನಡೆಯುವುದು.

"ಅವು ಅದಿನಾಲ್ಕು ಎಜ್ಜೆಯವು ಗೌಡ್ರೇ" ಎಂದ ಮರಿಯಯ್ಯ. "ನಮ್ಮ ಬಾವಿ ಆಳ ಅಷ್ಟೇಯ. ಅದಿನೈದ್ನೇ ಎಜ್ಜೆ ಇಟ್ರೆ ಬಾನಿ ರಾಟೆಗೆ ಸಿಕ್ಕಾಕತ್ತದೆ ಅಂತ ಅವಕ್ಕೆ ಗೊತ್ತದೆ. ಚಿನ್ನ ಕೊಟ್ರೂ ಇಡಾಕಿಲ್ಲ."

ಏಳು ಸಲ ನೋಡಿದರು. ಏಳು ಸಲವೂ ಹದಿನಾಲ್ಕೇ. ಒಳಗಿನಿಂದ ಕಿರುಚಾಟ ಬರುವುದಿರಲಿ, ಬೋರಯ್ಯ ಗೊಬ್ಬರದ ಮಾತು ತೆಗೆದು, ಮೂಟೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಕತ್ತಲಲ್ಲೇ ಅಂದಾಜು ಮಾಡುತ್ತಿದ್ದ. ಸೋಮಮ್ಮ ಇಳಿಯಲು ಒಪ್ಪಲಿಲ್ಲ. "ಸೊಂಟಕ್ಕೆ ಎಷ್ಟು ಇತವಾಗದೆ ಅಂತೀನಿ ಕಣಪ್ಪ, ಇನ್ನೊಂದ್ ದಪ ಎಳ್ಸು" ಎಂದಳು. ಬೆಂಚಿನ ಮೇಲಿದ್ದ ಮುದುಕಿಯರೆಲ್ಲ ಸೊಂಟ ಹಿಡಿದುಕೊಂಡು ಎದ್ದು ನಿಂತರು. ತಿಮ್ಮಯ್ಯನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಮೂವರೂ ತಲೆಗೆ ತಲೆ ಕೊಟ್ಟು ಕೂತರು. ಎತ್ತಿನ ಮುಂದೆ ಕಬ್ಬಿನ ಸೋಗೆ ಹಿಡಿಯೋಣ ಎಂದ ಶ್ಯಾಮಣ್ಣ. ಹಿಡಿದರು. ಎತ್ತು ಕತ್ತು ಚಾಚಿ ಸೋಗೆ ತಿಂದವು, ಕಾಲು ಎತ್ತಲಿಲ್ಲ. ಏರಿನ ಕೋನವನ್ನೇ ಬದಲಿಸಬೇಕು, ಒಂದು ತಿಂಗಳು ಬೇಕು, ಹೇಗೂ ಬದಲಿಸುವಾಗ ಮೂರು ತಿರುವನ್ನೂ ಸೇರಿಸಬಹುದು ಎಂದರು ಮೇಷ್ಟ್ರು. ಚಾವಟಿ ತರೋಣ ಎಂದು ಯಾರೋ ಅಂದದ್ದಕ್ಕೆ ಮರಿಯಯ್ಯ ಎತ್ತುಗಳ ಮುಂದೆ ಬಂದು ನಿಂತು, "ಮೊದ್ಲು ನಂಗೆ ಒಡೀರಿ" ಅಂದ. ಎರಡು ಗಂಟೆ ಹೀಗೇ ಕಳೆಯಿತು. ಬಿಸಿಲೇರಿ ಜನ ಚದುರತೊಡಗಿದರು.

ಬಾಗಿಲ ಬಳಿ ಹೊಟ್ಟಿನ ಮೂಟೆಯ ಮೇಲೆ ಕೂತಿದ್ದ ಚಲುವಮ್ಮನಿಗೆ ಕೊನೆಗೆ ಬೇಸರ ಬಂತು. "ಎತ್ತು ಒಂದೆಜ್ಜೆ ಮುಂದಕ್ಕೆ ಬರಾಕಿಲ್ಲ ಅಂದ್ರೆ ಗಾಡಿನ ಒಂದೆಜ್ಜೆ ಮೇಲ್ಗಡೆಯಿಂದ ಸುರು ಮಾಡಿ. ಅಷ್ಟು ಅಗ್ಗ ಕಮ್ಮಿ ಮಾಡಿದ್ರಾಯ್ತು" ಎಂದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಶ್ಯಾಮಣ್ಣ ಆಕಾಶ ನೋಡಿದ. ಮೂವರೂ ಎದ್ದುಹೋಗಿ, ಟ್ರಾಲಿಯನ್ನು ಒಂದು ಹೆಜ್ಜೆ ಮೇಲಕ್ಕೆ ತಳ್ಳಿ, ಹಿಂದೆ ಕಲ್ಲು ಕೊಟ್ಟು, ಹಗ್ಗ ಗಿಡ್ಡ ಮಾಡಿ ಕಟ್ಟಿದರು.

ಈಗ ಬೀಳುವುದು ಖಂಡಿತ ಎಂದಾಗ ಕೂರುವವರೇ ಇಲ್ಲ. ಮುದುಕಿಯರ ಸೊಂಟ ನೆಟ್ಟಗಾಯಿತು. ಬೋರಯ್ಯನಿಗೆ ಅಂಗಡಿಯ ನೆನಪು ಬಂತು. ಮೇಷ್ಟ್ರು, "ನಾನು ಹೊರಗಿದ್ದರೇ ನೋಡಕ್ಕೆ ಅನುಕೂಲ" ಎಂದರು. ತಿಮ್ಮಯ್ಯ ಹತ್ತಿ ಕೂತ. ತಾನೇ ಕಿರುಚಿದರೆ ಅದು ಕಿರುಚಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

ಆಗ ಚಲುವಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಸರ್ಕಳಿ ಅತ್ತಾಗೆ. ನಾನೇ ಕೂತ್ಕತ್ತೀನಿ. ಬೇಗ ಮುಗೀಲಿ, ಅಣ್ಣಯ್ಯ ಸಂಜಿಕೇ ಮೂಟೆ ತಂದಾಕ್ಕಳ್ಳಿ."

ಜನ ನಕ್ಕರು. ಚಲುವಮ್ಮನನ್ನು ಕೂರಿಸಿಕೊಂಡು ಕಿರುಚಾಟ ಹುಟ್ಟಿಸುವುದೆಂದರೆ ಒರಳುಕಲ್ಲಿನಿಂದ ಹಾಲು ಕರೆದಂತೆ ಎಂದು ಯಾರೋ ಅಂದರು. ಬಾಗಿಲು ಮುಚ್ಚಿತು. ಕತ್ತಲಲ್ಲಿ ತಿಮ್ಮಯ್ಯನಿಗೆ ಅವಳ ತಲೆಯ ಹರಳೆಣ್ಣೆ ವಾಸನೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಟ್ರಾಲಿ ಏರತೊಡಗಿತು. ಹೊರಗೆ ಮರಿಯಯ್ಯ ಹೆಜ್ಜೆ ಎಣಿಸುವುದು ಕಿಟಕಿಯಿಂದ ಕೇಳುತ್ತಿತ್ತು. ಹನ್ನೆರಡು. ಹದಿಮೂರು. ಹದಿನಾಲ್ಕು. ಕೊಂಡಿ ಟಕ್ಕೆಂದಿತು.

ನೆಲ ಹೋಯಿತು. ಹೊಟ್ಟೆ ಎಲ್ಲೋ ಮೇಲೆಯೇ ಉಳಿಯಿತು. ಅದೇ ಕ್ಷಣ ತಿಮ್ಮಯ್ಯನ ತೊಡೆಯನ್ನು ಐದು ಬೆರಳು ಗಟ್ಟಿಯಾಗಿ ಹಿಡಿದವು, ಕಿವಿಯ ಪಕ್ಕದಲ್ಲೇ "ಅವ್ವೋ" ಎಂಬ ಕೂಗು ಎದ್ದಿತು. ಎಳೆಯ ಹುಡುಗಿಯ ದನಿ ಅದು, ಅವನು ಹಿಂದೆಂದೂ ಕೇಳದ ದನಿ. ಆಮೇಲೆ ಧೊಪ್ಪೆಂದು ಹೊಟ್ಟಿನ ರಾಶಿ. ಇಬ್ಬರೂ ಕುತ್ತಿಗೆಯ ತನಕ ಹೂತುಹೋದರು. ತೊಡೆ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ತಿಮ್ಮಯ್ಯನ ಕಣ್ಣಲ್ಲಿ ನೀರು ಬಂತು, ಹೊಟ್ಟಿನ ಧೂಳಿಗಲ್ಲ.

ಬಾಗಿಲು ತೆರೆದು ಜನ ನುಗ್ಗಿದರು. "ಕಿರುಚಿದರು, ಕಿರುಚಿದರು, ನಾನು ಕೇಳಿದೆ" ಎಂದು ಮೇಷ್ಟ್ರು ಕುಣಿಯುತ್ತಿದ್ದರು. ಆದರೆ ಹೊರಗಿನಿಂದ ಮರಿಯಯ್ಯ ತಲೆ ತಗ್ಗಿಸಿಕೊಂಡು ಬಂದ.

"ಅದು ನಾನು ಕಣಿ" ಎಂದ. "ಅಗ್ಗ ಅಗುರಾಗೋಯ್ತು. ಬಾನಿ ಕಿತ್ಕಂಡು ಬಾವಿಗೆ ಬಿತ್ತು ಅಂದ್ಕಂಡು ಬಾಯಿ ಬಂದಂಗೆ ಅರಚ್ಬುಟ್ಟೆ. ಮೂವತ್ತು ವರ್ಸದ ಅಬ್ಯಾಸ."

ಚಲುವಮ್ಮ, ಮರಿಯಯ್ಯ ಇಬ್ಬರೂ ಒಂದೇ ಗಳಿಗೆಯಲ್ಲಿ ಕಿರುಚಿದ್ದರು. ಅದು ಗೊತ್ತಿದ್ದದ್ದು ಗಂಡ ಹೆಂಡತಿಗೆ ಮಾತ್ರ. ಬೋರಯ್ಯ ಮುಂದೆ ಬಂದು ಕೇಳಿದ. "ಒಳಗೆ ಯಾರಾದ್ರೂ ಕಿರುಚುದ್ರಾ ಬಾವ? ನೀನೇ ಯೋಳು."

ಎಲ್ಲರೂ ತಿಮ್ಮಯ್ಯನನ್ನು ನೋಡಿದರು. ಚಲುವಮ್ಮ ನೋಡಲಿಲ್ಲ. ಅವಳು ತಲೆಗೂದಲಿನಿಂದ ಹೊಟ್ಟು ತೆಗೆಯುತ್ತಾ ನೆಲ ನೋಡುತ್ತಿದ್ದಳು. ಜನರ ನಡುವೆ ಒಬ್ಬಳು ತುಂಬು ಬಸುರಿ ನಿಂತಿದ್ದಳು, ಮುಂದಿನ ವಾರ ಅವಳು ಹೆರಿಗೆಗೆ ಚಲುವಮ್ಮನನ್ನು ಕರೆಸುವವಳಿದ್ದಳು. ತಿಮ್ಮಯ್ಯನಿಗೆ ಅಪ್ಪ ರುಮಾಲು ಸರಿಮಾಡಿಕೊಂಡದ್ದು ನೆನಪಾಯಿತು.

"ಇಲ್ಲ" ಎಂದ. "ಒಳಗೆ ಯಾರೂ ಕಿರುಚ್ನಿಲ್ಲ. ಮರಿಯಯ್ಯಂದೇ ಅದು."

ಮೇಷ್ಟ್ರು ಕುಸಿದು ಕೂತರು. ಶ್ಯಾಮಣ್ಣ ಉಳಿದ ಚೀಟಿಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ಸಂಜೆಗೆ ಬೋರಯ್ಯನ ಮೊದಲ ಗಾಡಿ ಮೂಟೆ ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ತಿಮ್ಮಯ್ಯ ತೊಟ್ಟಿಲ ಮಾತೆತ್ತಲಿಲ್ಲ, ಎತ್ತುವ ಹಾಗೂ ಇರಲಿಲ್ಲ. ಚಲುವಮ್ಮನ ಕಿವಿಯ ಹಿಂದೆ ಒಂದು ಚೂರು ಹೊಟ್ಟು ಉಳಿದಿತ್ತು. ಅವನು ಅದನ್ನು ತೆಗೆಯಲು ಹೋಗಿ, ಸುತ್ತ ಜನರಿದ್ದಾರೆಂದು ಕೈ ಹಿಂದಕ್ಕೆ ತೆಗೆದುಕೊಂಡ.

ಮೂಟೆ ಜೋಡಿಸುವಾಗ ಒಂದು ಸಣ್ಣ ಜಗಳವಾಯಿತಂತೆ. ಹಳಿ ಕಿತ್ತು ಎಸೆಯೋಣ ಎಂದ ಬೋರಯ್ಯನಿಗೆ ಚಲುವಮ್ಮ, "ಇರ್ಲಿ ಬುಡಣ್ಣ, ಮೂಟೆ ಎಳ್ಯಾಕಾಯ್ತದೆ. ಹೊಟ್ನೂ ಅಲ್ಲೇ ಬುಡು" ಎಂದಳಂತೆ. ಮೂಟೆಗಳು ಎರಡು ಗೋಡೆಗೂ ಒತ್ತಿಕೊಂಡು ಮಾಡಿನ ತನಕ ನಿಂತವು, ನಡುವೆ ಹಳಿಯ ದಾರಿ ಹಾಗೇ ಉಳಿಯಿತು. ಕಿಟಕಿಯೂ ಮುಚ್ಚಿಹೋದ್ದರಿಂದ ಒಳಗೆ ಮೊದಲಿಗಿಂತ ಹೆಚ್ಚು ಕತ್ತಲಾಯಿತು. ಹಗ್ಗ ಹೋಗಲು ಮಾತ್ರ ಒಂದು ಸಂದು ಬಿಟ್ಟಿದ್ದರು.

ಹದಿನೈದು ದಿನ ಕಳೆದು ಒಂದು ಮಂಗಳವಾರ ಮಧ್ಯಾಹ್ನ, ಬೋರಯ್ಯ ಮಂಡ್ಯಕ್ಕೆ ಹೋಗಿದ್ದ ದಿನ, ಚಲುವಮ್ಮ ಗಂಡನನ್ನು ಗಿರಣಿಗೆ ಕರೆದುಕೊಂಡು ಹೋದಳು. ಹಿತ್ತಲಲ್ಲಿ ಮರಿಯಯ್ಯ ಜೋಡೆತ್ತು ಹೂಡಿಕೊಂಡು ನಿಂತಿದ್ದ. ಟ್ರಾಲಿ ಒಂದು ಹೆಜ್ಜೆ ಮೇಲೆ, ಹಿಂದೆ ಕಲ್ಲು ಕೊಟ್ಟು ನಿಂತಿತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

ಚಲುವಮ್ಮ ಒಳಗಿನಿಂದ ಬಾಗಿಲ ಚಿಲಕ ಹಾಕಿದಳು. ಕತ್ತಲಲ್ಲಿ ತಡಕಿಕೊಂಡು ಬಂದು ಟ್ರಾಲಿಯಲ್ಲಿ ಅವನ ಪಕ್ಕ ಕೂತು, ಅವನ ತೊಡೆಯ ಮೇಲೆ ಮೊದಲೇ ಕೈ ಇಟ್ಟಳು.

"ಈ ಸಲ ಕಿರುಚ್ಬೇಡ ಅಂತ ಮರಿಯಯ್ಯಂಗೆ ಯೋಳಿವ್ನಿ" ಎಂದಳು.